ಮುಂದ ನಿಲ್ಲಲ್ಯೋ, ನಡುವ ನಿಲ್ಲಲ್ಯೋ?

"ನಮಸ್ಕಾರ್ರಿ. ನಾ ಜೇವರ್ಗಿ ತಾಲ್ಲೂಕಿನ ಹಳ್ಳಿ ಹುಡುಗ, 19 ವರ್ಷ. ಅಗ್ನಿವೀರ ಜನರಲ್ ಡ್ಯೂಟಿಗೆ ಆಯ್ಕೆ ಆಗೀನಿ. ಬರೋ ತಿಂಗಳು ಬೆಳಗಾವಿ ಟ್ರೇನಿಂಗ್ ಸೆಂಟರಿಗೆ ಹೋಗಬೇಕು. ನಮ್ಮೂರ ಗೆಳೆಯನೂ ಅದೇ ಬ್ಯಾಚಿಗೆ ಬರ್ಲಿಕತ್ತಾನ. ಅಲ್ಲಿ ಹೊಸದಾಗಿ ಭರ್ತಿಯಾದ ರಂಗರೂಟರ ಒಳಗೇ ಒಬ್ಬನ್ನ ಸೀನಿಯರ್ ಮಾಡ್ತಾರಂತ. ಅದು ಆಗಬೇಕಂತ ನಂಗ ಬಾಳ ಆಸೆ ಅದ. ನಾಕು ವರ್ಷ ಆದಮ್ಯಾಲ ಖಾಯಂ ಆಗ್ಲಿಕ್ಕೂ ಅನುಕೂಲ ಆಗ್ತದಂತ ಅನ್ಕೊಂಡೀನಿ. ಫೌಜಿನಿಂದ ರಿಟೈರ್ ಆದ ನಮ್ಮ ಸೋದರಮಾವ ಮಾತ್ರ 'ಮುಂದೂ ನಿಲ್ಲಬ್ಯಾಡ, ಹಿಂದೂ ನಿಲ್ಲಬ್ಯಾಡ, ನಡುವ ಇರು, ಉಸ್ತಾದಗ ನಿನ್ನ ಹೆಸರೇ ಗೊತ್ತಾಗಬಾರದು' ಅಂತಾನ. ನಂದು ಹಿಂದಿ ಅಷ್ಟಕ್ಕಷ್ಟೇ. ಏನು ಮಾಡ್ಲಿ?"
— ಹೆಸರು ಬೇಡ, ಜೇವರ್ಗಿ ತಾಲ್ಲೂಕು

ತಮ್ಮಾ,

ನಿನ್ನ ಮಾವನ ಮಾತು ಮೊದಲ ಎರಡು ವಾರಕ್ಕೆ ಪೂರ್ತಿ ಸರಿ. ಆಗ ಯಾರಿಗೂ ಯಾರ ಗುರುತೂ ಇರುವುದಿಲ್ಲ. ಕೂದಲು ತೆಗೆಸುವುದು, ಕಿಟ್ ತಗೊಳ್ಳುವುದು, ಕಾಗದಪತ್ರ, ವೈದ್ಯಕೀಯ ತಪಾಸಣೆ, ಇವುಗಳಲ್ಲೇ ದಿನ ಹೋಗುತ್ತವೆ. ಉಸ್ತಾದರು, ಅಂದರೆ ತರಬೇತಿ ಕೊಡುವವರು, ಎತ್ತರ ನೋಡಿಯೋ, ಗಂಟಲು ಕೇಳಿಯೋ, ಎನ್‌ಸಿಸಿ ಮಾಡಿದವರು ಯಾರೆಂದು ವಿಚಾರಿಸಿಯೋ ಒಬ್ಬನನ್ನು ಸೀನಿಯರ್ ಮಾಡಿಬಿಡುತ್ತಾರೆ. ಈ ಮೊದಲನೆಯವನು ಬಹಳ ದಿನ ಉಳಿಯುವುದು ಕಡಿಮೆ. ಕೆಲಸ ಏನೆಂದು ಅವನಿಗೇ ತಿಳಿದಿರುವುದಿಲ್ಲ, ಎಲ್ಲರ ತಪ್ಪೂ ಅವನ ತಲೆಗೆ ಬರುತ್ತದೆ. ಆ ಹದಿನೈದು ದಿನ ನೀನು ನಡುವಿನ ಸಾಲಿನಲ್ಲಿ ನಿಂತು ಅವನು ಎಲ್ಲೆಲ್ಲಿ ಎಡವುತ್ತಾನೆ ಅಂತ ನೋಡು.

ಅಲ್ಲಿಂದಾಚೆಗೆ ಆ ಸಲಹೆ ನಿನ್ನ ಕಾಲಕ್ಕೆ ಹೊಂದುವುದಿಲ್ಲ. ಮಾವನದು ಉದ್ದನೆಯ ನೌಕರಿ, ನಿಧಾನಕ್ಕೆ ಗುರುತಾದರೂ ನಡೆಯುತ್ತಿತ್ತು. ನಿನ್ನ ಕೈಯಲ್ಲಿರುವುದು ತರಬೇತಿಯೂ ಸೇರಿ ನಾಲ್ಕೇ ವರ್ಷ.

ಆದರೆ ಖಾಯಂ ಆಗುವ ಲೆಕ್ಕ ಇಟ್ಟುಕೊಂಡು ಸೀನಿಯರ್ ಆಗಲು ಹೋಗಬೇಡ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಒಂದು ಬ್ಯಾಚಿನ ಗರಿಷ್ಠ ಶೇ 25 ಮಂದಿಯನ್ನು ಮುಂದುವರಿಸುತ್ತಾರೆ. ನೋಡುವುದು ನಾಲ್ಕೂ ವರ್ಷದ ಕೆಲಸ. ತರಬೇತಿಯಲ್ಲಿ ಎರಡು ತಿಂಗಳು ಸ್ಕ್ವಾಡ್ (ಒಟ್ಟಿಗೆ ತರಬೇತಿ ಪಡೆಯುವ ತಂಡ) ಮುಂದೆ ನಿಂತಿದ್ದಕ್ಕೇ ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಮೇಲಾಗಿ ಆ ಕೆಲಸ ತಿನ್ನುವುದು ನಿನ್ನದೇ ಸಮಯವನ್ನು. ಉಳಿದವರು ಬೂಟು ಪಾಲಿಶ್ ಮಾಡಿ, ರೈಫಲ್ ಬಿಚ್ಚಿ ಜೋಡಿಸುವುದನ್ನು ಕಲಿಯುವ ಹೊತ್ತಿನಲ್ಲಿ ನೀನು ನಾಳೆಯ ಡ್ಯೂಟಿ ಪಟ್ಟಿ ಬರೆಯುತ್ತಿರುತ್ತೀಯ. ಫೈರಿಂಗ್ ಅಥವಾ ಪಿಟಿ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಸೀನಿಯರ್ ಆಗಿದ್ದೆ ಅನ್ನುವ ಮಾತು ಆ ಅಂಕ ತುಂಬಿಕೊಡುವುದಿಲ್ಲ. ಭರ್ತಿಯಲ್ಲಿ 1.6 ಕಿ.ಮೀ. ಓಡಿ ಬಂದಿದ್ದೀ. ಅಲ್ಲಿ 2.4 ಕಿ.ಮೀ. ಬರುತ್ತದೆ, ಆಮೇಲೆ ಬೆನ್ನಿಗೆ ಭಾರ, ಕೈಯಲ್ಲಿ ರೈಫಲ್ ಹಿಡಿದು 5 ಕಿ.ಮೀ. ಬರುತ್ತದೆ. ಓಟದಲ್ಲಿ ಕೊನೆಗೆ ಬರುವವನ ಮಾತನ್ನು ಸ್ಕ್ವಾಡಿನಲ್ಲಿ ಯಾರೂ ಕೇಳುವುದಿಲ್ಲ.

ಈಗ ಆ ಕೆಲಸ ನಿಜವಾಗಿ ಏನು ಅಂತ ನೋಡೋಣ. ಅದು ರ್‍ಯಾಂಕ್ ಅಲ್ಲ. ಶಿಕ್ಷೆ ಕೊಡುವ ಅಧಿಕಾರ ಇಲ್ಲ, ಕೈ ಎತ್ತುವ ಅಧಿಕಾರವಂತೂ ಇಲ್ಲವೇ ಇಲ್ಲ. ಇರುವುದು ಮುಖ್ಯವಾಗಿ ಒಂದೇ ಕೆಲಸ, ಗಿಂತಿ. ಎಷ್ಟು ಮಂದಿ, ಎಲ್ಲೆಲ್ಲಿದ್ದಾರೆ ಅನ್ನುವುದು. ಉಸ್ತಾದರು ಬಂದು ನಿಂತಾಗ ಅವರು ಕೇಳುವ ಮೊದಲ ಪ್ರಶ್ನೆ ಅದೇ.

ನಿನ್ನ ಸ್ಕ್ವಾಡಿನಲ್ಲಿ 40 ಮಂದಿ ಅಂದುಕೋ. ನಿಲ್ಲುವುದು ಮೂರು ಸಾಲಿನಲ್ಲಿ. ಮುಂದಿನ ಸಾಲು ಎಣಿಸಿದಾಗ 12 ಬಂತು, ಮೂರರಿಂದ ಗುಣಿಸಿದರೆ 36. ಆದರೆ ಎಡತುದಿಯಿಂದ ಎರಡನೇ ಫೈಲಿನಲ್ಲಿ (ಒಬ್ಬರ ಹಿಂದೊಬ್ಬರು ನಿಲ್ಲುವ ಮೂವರ ಗುಂಪು) ಮುಂದೆ ಒಬ್ಬನೇ ಇದ್ದಾನೆ, ಅವನ ಹಿಂದೆ ಎರಡು ಜಾಗ ಖಾಲಿ. ಹಾಗಾದರೆ ಪರೇಡಿನಲ್ಲಿ 34. ಎಂಐ ರೂಮಿಗೆ (ವೈದ್ಯಕೀಯ ತಪಾಸಣೆ ಕೋಣೆ) ಹೋದವರು 2, ಲಂಗರ್ (ಅಡುಗೆಮನೆ) ಕೆಲಸಕ್ಕೆ 3, ಬ್ಯಾರಕ್ ಪಹರೆಗೆ 1. ಕೂಡಿಸಿದರೆ 40. ಈ ಕೂಡಿಕೆ ಉಸ್ತಾದರು ಬರುವ ಮುಂಚೆಯೇ ನಿನ್ನ ಜೇಬಿನ ಸಣ್ಣ ನೋಟ್‌ಬುಕ್ಕಿನಲ್ಲಿ ಇರಬೇಕು. ಹೊಸ ಸೀನಿಯರ್‌ಗಳು ಎಡವುವುದು ಇಲ್ಲೇ. ಸಂಖ್ಯೆ ಇಟ್ಟುಕೊಳ್ಳುತ್ತಾರೆ, ಹೆಸರು ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಎಂಐ ರೂಮಿಗೆ ಹೋದ ಇಬ್ಬರಲ್ಲಿ ಒಬ್ಬ ಹತ್ತು ಗಂಟೆಗೆ ವಾಪಸ್ ಬಂದಿರುತ್ತಾನೆ, ಲಂಗರಿಗೆ ಇನ್ನೊಬ್ಬನನ್ನು ಕರೆದುಕೊಂಡು ಹೋಗಿರುತ್ತಾರೆ. ಮೊತ್ತ ಕೂಡುತ್ತದೆ, ಒಳಗಿನ ಮನುಷ್ಯರು ಬದಲಾಗಿರುತ್ತಾರೆ. ಸಂಜೆ ಹಟ್ಟಿಗೆ ಬಂದ ಕುರಿ ಎಣಿಸುವವನನ್ನು ನೋಡಿದ್ದೀಯಲ್ಲ, ಒಂದು ಕಡಿಮೆ ಬಿದ್ದರೆ ಅದು ಯಾವ ಕುರಿ ಅಂತಲೂ ಹೇಳುತ್ತಾನೆ. ಹಾಗೆ ಬರಬೇಕು. 40 ಹೆಸರೂ ಮಂಚದ ಸಾಲಿನ ಕ್ರಮದಲ್ಲಿ ಬಾಯಿಗೆ ಬರುವಂತೆ ಮೊದಲ ವಾರದಲ್ಲೇ ಮಾಡಿಕೋ. ಸೀನಿಯರ್ ಆಗದಿದ್ದರೂ ಅದು ಬೇಕಾಗುತ್ತದೆ.

ಎಣಿಕೆ ನಡೆಯುವುದು ಹಿಂದಿಯಲ್ಲಿ. ಕನ್ನಡದವರು ತಡವರಿಸುವ ಜಾಗ ಗೊತ್ತೇ ಇದೆ. ಇಪ್ಪತ್ತೆಂಟಾದ ಮೇಲೆ ನಮ್ಮ ನಾಲಿಗೆ ಇಪ್ಪತ್ತೊಂಬತ್ತು ಹುಡುಕುತ್ತದೆ, ಹಿಂದಿಯಲ್ಲಿ ಅದು ಮೂವತ್ತಕ್ಕೆ ಒಂದು ಕಡಿಮೆ, ಉನತೀಸ್. ಉನತಾಲೀಸ್, ಉನಚಾಸ್ ಕೂಡ ಹಾಗೇ. ಸೈಂತೀಸ್ ಮತ್ತು ಸೈಂತಾಲೀಸ್ ಅದಲುಬದಲಾಗುತ್ತವೆ. ಒಬ್ಬ ತಪ್ಪಿದರೆ ಮತ್ತೆ ಒಂದರಿಂದ. ಮೂರನೇ ಸಲವೂ ತಪ್ಪಿದರೆ ಇಡೀ ಸ್ಕ್ವಾಡಿಗೆ ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ. ಹೋಗುವ ಮುಂಚೆ ಒಂದರಿಂದ ಐವತ್ತು ಮುಂದಕ್ಕೂ ಹಿಂದಕ್ಕೂ ನಿಲ್ಲದೆ ಬರಬೇಕು.

ಹಿಂದಿಯ ಬಗ್ಗೆ ನೀನು ಹೆದರಿದಷ್ಟು ಕಷ್ಟ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರ ಕಿವಿಗೆ ದಖನಿ (ಈ ಕಡೆಯ ಉರ್ದು) ಮೊದಲೇ ಬಿದ್ದಿರುತ್ತದೆ, ಅರ್ಥ ಆಗುವುದಕ್ಕೆ ತೊಂದರೆ ಇಲ್ಲ. ನಾಲಿಗೆ ಮಾತ್ರ ತಿದ್ದಬೇಕು. 'ಹೌ' ಹೋಗಿ 'ಜೀ ಉಸ್ತಾದ್' ಆಗಬೇಕು, 'ನಕ್ಕೋ' ಹೋಗಿ 'ನಹೀಂ' ಆಗಬೇಕು, 'ಕೈಕು' (ಯಾಕೆ) ಅಂತೂ ಬಾಯಿಗೆ ಬರಲೇಬಾರದು. ಸೀನಿಯರ್‌ಗೆ ಬೇಕಾದ ಹಿಂದಿ ನೂರು ವಾಕ್ಯದ ಒಳಗೆ ಮುಗಿಯುತ್ತದೆ.

ಇನ್ನು ದನಿ. ಗಂಟಲಿನಿಂದ ಕೂಗಿದರೆ ನಾಲ್ಕನೇ ದಿನಕ್ಕೆ ಕಟ್ಟುತ್ತದೆ, ಹೊಟ್ಟೆಯಿಂದ ಬರಬೇಕು. ಬೆಳಗಿನ ಜಾವ ತೊಗರಿ ಹೊಲದ ಬದುವಿನ ಮೇಲೆ ನಿಂತು, ಗೆಳೆಯನನ್ನು ಐವತ್ತು ಹೆಜ್ಜೆ ದೂರ ನಿಲ್ಲಿಸಿ, ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡು. 'ಸ್ಕ್ವಾಡ್' ಅನ್ನುವುದನ್ನು ಎಳೆಯಬೇಕು, ಒಂದು ಉಸಿರಿನಷ್ಟು ನಿಲ್ಲಿಸಬೇಕು, 'ಸಾವಧಾನ್' (ನೆಟ್ಟಗೆ ನಿಲ್ಲುವ ಆದೇಶ) ಅನ್ನುವುದನ್ನು ಕಡಿದಂತೆ ಹೇಳಬೇಕು. ನಡುವಿನ ಆ ನಿಲುವು ಇಲ್ಲದಿದ್ದರೆ ಅರ್ಧ ಮಂದಿ ಮೊದಲು ಅಲ್ಲಾಡುತ್ತಾರೆ, ಅರ್ಧ ಮಂದಿ ಆಮೇಲೆ. ತೇಜ್ ಚಲ್‌ನಲ್ಲಿ (ವೇಗದ ನಡಿಗೆ) ನಿಮಿಷಕ್ಕೆ 120 ಹೆಜ್ಜೆ, ಒಂದೊಂದು 30 ಅಂಗುಲ. ಮೊಬೈಲಿನಲ್ಲಿ ತಾಳದ ಆ್ಯಪ್ ಹಾಕಿ 120ಕ್ಕೆ ಇಟ್ಟುಕೊಂಡು ನಡೆ. 'ಥಮ್' (ನಿಲ್ಲು ಅನ್ನುವ ಆದೇಶ) ಎಡಗಾಲು ನೆಲಕ್ಕೆ ಬರುವಾಗ ಬೀಳಬೇಕು. ಬಲಗಾಲಿಗೆ ಕೊಟ್ಟರೆ ಇಡೀ ಸಾಲು ಒಬ್ಬರ ಮೇಲೊಬ್ಬರು ಮುಗ್ಗರಿಸುತ್ತದೆ, ತಪ್ಪು ನಿನ್ನದು.

ನೀನು ಕೇಳದೇ ಬಿಟ್ಟ ಪ್ರಶ್ನೆ ಗೆಳೆಯನದು. ನನಗೆ ಹೆಚ್ಚು ಕಾಳಜಿ ಇರುವುದು ಅದರ ಬಗ್ಗೆಯೇ. ಒಂದು ಬೆಳಿಗ್ಗೆ ಅವನು ಫಾಲಿನ್‌ಗೆ (ಸಾಲುಗೂಡಿ ನಿಲ್ಲುವುದಕ್ಕೆ) ಬಂದಿರುವುದಿಲ್ಲ. ಸಂಡಾಸದಲ್ಲಿದ್ದಾನೋ, ನಿದ್ದೆ ಹೋಗಿದ್ದಾನೋ, ತಿಳಿಯದು. ಉಸ್ತಾದರು ದೂರದಿಂದ ಬರುತ್ತಿರುತ್ತಾರೆ. "ಪೂರಾ ಹಾಜಿರ್" (ಎಲ್ಲರೂ ಇದ್ದಾರೆ) ಅಂದುಬಿಟ್ಟರೆ ಬಹುಶಃ ಆ ದಿನ ಸಾಗಿಹೋಗುತ್ತದೆ. ಅನ್ನಬೇಡ. ಗಿಂತಿ ಎಂಬುದು ಫೌಜಿನಲ್ಲಿ ಶಿಸ್ತಿನ ತೋರಿಕೆಯಲ್ಲ. ಸಂಜೆ ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ರೈಫಲ್‌ಗಳನ್ನು ಎಣಿಸಿ ಬೀಗ ಹಾಕುತ್ತಾರೆ, ಫೈರಿಂಗ್ ರೇಂಜಿನಲ್ಲಿ ಕೊಟ್ಟ ಗುಂಡಿಗೂ ಹೆಕ್ಕಿದ ಖಾಲಿ ಖೋಖಾಕ್ಕೂ (ಗುಂಡಿನ ಕವಚ) ತಾಳೆ ನೋಡುತ್ತಾರೆ, ಯಾಕೆಂದರೆ ಒಂದು ತಪ್ಪಿದರೆ ಒಂದು ಜೀವ ಹೋಗಬಹುದು. ಬ್ಯಾರಕ್ ಮುಂದೆ ಸುಳ್ಳು ಲೆಕ್ಕ ಕೊಟ್ಟವನನ್ನು ರೇಂಜಿನಲ್ಲಿ ಯಾರೂ ನಂಬುವುದಿಲ್ಲ. "ಏಕ್ ಕಮ್ ಹೈ ಉಸ್ತಾದ್, ದೇಖ್ ರಹಾ ಹೂಂ" (ಒಬ್ಬ ಕಡಿಮೆ ಇದ್ದಾನೆ, ನೋಡುತ್ತಿದ್ದೇನೆ) ಅನ್ನು, ಅಷ್ಟೇ ಸಾಕು. ಅವನಿಗೂ ಬೈಗುಳ, ನಿನಗೂ ಬೈಗುಳ, ಸಂಜೆಗೆ ಮುಗಿಯುತ್ತದೆ.

ಡ್ಯೂಟಿ ಹಂಚುವಲ್ಲಿ ಇನ್ನೊಂದು ಗುಂಡಿ ಇದೆ. ರಾತ್ರಿ ಪಹರೆ ಸಾಮಾನ್ಯವಾಗಿ ಎರಡೆರಡು ಗಂಟೆ. ಎರಡರಿಂದ ನಾಲ್ಕರದ್ದು ಯಾರಿಗೂ ಬೇಡ, ಹಿಂದೂ ನಿದ್ದೆ ಇಲ್ಲ ಮುಂದೂ ನಿದ್ದೆ ಇಲ್ಲ. ಪಟ್ಟಿಯ ಮೊದಲ ಸುತ್ತಿನಲ್ಲಿ ಆ ಜಾಗಕ್ಕೆ ನಿನ್ನ ಹೆಸರು ಬರೆ, ಎರಡನೇ ರಾತ್ರಿಗೆ ನಿನ್ನ ಗೆಳೆಯನದು. ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸು. ಬೆಳಗಾವಿಯಲ್ಲಿ ಮರಾಠಿ ಹುಡುಗರೂ ಜೊತೆಗಿರುತ್ತಾರೆ. "ಅವರ ಕಡೆಯವರಿಗೆ ಹಗುರ ಕೆಲಸ" ಅನ್ನುವ ಮಾತು ಒಮ್ಮೆ ಹುಟ್ಟಿದರೆ ಸ್ಕ್ವಾಡ್ ಎರಡು ಹೋಳಾಗುತ್ತದೆ. ಹುಕುಮು ಹಿಂದಿಯಲ್ಲೇ ಇರಲಿ, ಕನ್ನಡ ರಾತ್ರಿ ಮಂಚದ ಮೇಲೆ ಕೂತಾಗ ಇರಲಿ.

ನೋವನ್ನು ಮುಚ್ಚಿಡಲು ಯಾರಿಗೂ ಹೇಳಬೇಡ. ಮೊಣಕಾಲ ಕೆಳಗಿನ ಮುಂಗಾಲ ಎಲುಬು ಒಂದೇ ಜಾಗದಲ್ಲಿ ಒತ್ತಿದರೆ ನೋಯುತ್ತಿದ್ದರೆ ಅದು ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. "ಇನ್ನೊಂದು ವಾರ ತಡಕೋ" ಅಂದರೆ ಅವನ ಬ್ಯಾಚೇ ತಪ್ಪಿ ನಂತರ ಬರುವ ಬ್ಯಾಚಿಗೆ ಬೀಳುತ್ತಾನೆ. ಬೆಳಿಗ್ಗೆ ಸಿಕ್ ರಿಪೋರ್ಟಿನಲ್ಲಿ ಹೆಸರು ಹಾಕಿಸಿ ಎಂಐ ರೂಮಿಗೆ ಕಳಿಸು.

ಹಾಗಾದರೆ ಕೇಳುವುದು ಹೇಗೆ? ಮೂರನೇ ವಾರ ದಾಟಿದ ಮೇಲೆ, ಪಿಟಿ ನಡುವೆ ಅಲ್ಲ, ಸಂಜೆ ರೋಲ್ ಕಾಲ್ ಮುಗಿದು ಉಸ್ತಾದರು ಸಮಾಧಾನದಲ್ಲಿದ್ದಾಗ. ಸಾವಧಾನ್‌ನಲ್ಲಿ ನಿಂತು, "ಉಸ್ತಾದ್, ಸೀನಿಯರ್ ಬದಲೇ ತೋ ಮೈಂ ಕರ್‌ನಾ ಚಾಹತಾ ಹೂಂ" (ಸೀನಿಯರ್ ಬದಲಾದರೆ ಆ ಕೆಲಸ ನಾನು ಮಾಡಬಯಸುತ್ತೇನೆ) ಅಂತ ಒಂದೇ ಸಲ ಹೇಳಿ ಬಾ. ಈಗಿರುವ ಸೀನಿಯರ್ ಮೇಲೆ ದೂರು ಬೇಡ, ಉಸ್ತಾದರನ್ನು ದಾಟಿ ಸುಬೇದಾರ್ ಸಾಹೇಬರ ಹತ್ತಿರ ಹೋಗುವುದೂ ಬೇಡ. ಸಿಗದಿದ್ದರೆ ಆಗಿನ ಸೀನಿಯರ್‌ಗೆ ನೋಟ್‌ಬುಕ್ಕಿನ ಲೆಕ್ಕದಲ್ಲಿ ಕೈಜೋಡಿಸು. ಅವನನ್ನು ತೆಗೆದ ದಿನ ಉಸ್ತಾದರ ಕಣ್ಣು ಮೊದಲು ಹೋಗುವುದು ಲೆಕ್ಕ ಗೊತ್ತಿರುವವನ ಕಡೆಗೆ.

ಜೇವರ್ಗಿಯಿಂದ ವಿಜಯಪುರದ ಮೇಲೆ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವುದಾದರೆ ಇಡೀ ದಾರಿ ನಿನಗೂ ಗೆಳೆಯನಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಆಗಲೇ ಅವನಿಗೆ ಹೇಳಿಬಿಡು: "ನಾ ಸೀನಿಯರ್ ಆದರ ಗಿಂತಿಯೊಳಗ ನಿನ್ನ ಸಲುವಾಗಿ ಸುಳ್ಳು ಹೇಳಂಗಿಲ್ಲ. ನೀ ಆದರ ನನ್ನ ಸಲುವಾಗಿ ಹೇಳಬ್ಯಾಡ."