ಮೊದಲು ಪಟ್ಟಿ ಮಡಚಲಿ, ಆಮೇಲೆ ಸ್ಕೇಲ್ ಕೊಡಿ

ಸ್ಕೇಲಿನಲ್ಲಿ ಅಳೆಯುವಾಗ ಮಕ್ಕಳು ಎರಡೂಕಾಲು ಇಂಚನ್ನು 2.4 ಅಂತ ಓದುತ್ತಾರೆ, ಏನು ಮಾಡಲಿ ಅಂತ ಕೇಳಿದಿರಿ. ಅದು ಸೆಂಟಿಮೀಟರ್ ಅಭ್ಯಾಸ, ಅಲ್ವಾ? ಅಲ್ಲಿ ಒಂದೊಂದು ಸೆಂಟಿಮೀಟರಿಗೆ 10 ಭಾಗ. ಇಂಚಿನ ಬದಿಯಲ್ಲಿ 16 ಭಾಗ ಇದ್ದರೂ ಸುಮ್ನೆ ನಾಲ್ಕು ಗೆರೆ ಎಣಿಸಿ ಪಾಯಿಂಟ್ ಹಾಕಿಬಿಡುತ್ತಾರೆ.

ಸ್ವಲ್ಪ ದಿನ ಸ್ಕೇಲ್ ಪಕ್ಕಕ್ಕಿಡಿ. ಒಂದು ಉದ್ದ ಕಾಗದದ ಪಟ್ಟಿ ಕೊಟ್ಟು, ಇದೇ 'ಒಂದು' ಅನ್ನಿ. ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ 7 ಮಡಿಕೆ, 8 ಭಾಗ ಕಾಣುತ್ತವೆ. ಎಣಿಸಬೇಕಾದ್ದು ಗೆರೆಯನ್ನಲ್ಲ, ನಡುವಿನ ಜಾಗವನ್ನು ಅನ್ನೋದು ಆಗ ಅವರಿಗೇ ಹೊಳೆಯುತ್ತದೆ. ಅರ್ಧದ ಮಡಿಕೆ ಮೇಲೆ ಉದ್ದ ಗೆರೆ, ಕಾಲಿಗೆ ಗಿಡ್ಡ, ಎಂಟನೇ ಒಂದಕ್ಕೆ ಇನ್ನೂ ಗಿಡ್ಡ ಎಳೆಸಿ. ಇಷ್ಟಾದಮೇಲೆ ಸ್ಕೇಲ್ ಕೊಡಿ, ಆದರೆ ಅಳತೆಯನ್ನು 0ಯಿಂದಲ್ಲ, 1ರಿಂದ ಶುರು ಮಾಡಿಸಿ. ಕೊನೆಯ ಅಂಕಿಯನ್ನೇ ಉತ್ತರ ಅನ್ನುವವರಿಗೆ ಅರ್ಥವಾಗಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಹದಿನಾರನೇ ಒಂದಕ್ಕೆ ಅವಸರ ಬೇಡ.