ಅವಳಿ ಮಕ್ಕಳಿಗೆ ಒಂದೇ ಕೋಣೆ: ಯಾವ ಮಂಚ, ಯಾವಾಗ, ಎಲ್ಲಿ?

ಪ್ರಶ್ನೆ: ನಮ್ಮ ಅವಳಿಗಳಿಗೆ ಎರಡು ವರ್ಷ ಮೂರು ತಿಂಗಳು. ಮಗ ಕ್ರಿಬ್‌ನ (ಸುತ್ತ ಕಂಬಿಯಿರುವ ಮಗುವಿನ ಮಂಚದ) ಕಂಬಿ ಹತ್ತಿ ಹೊರಗೆ ಇಳಿಯಲು ಶುರು ಮಾಡಿದ್ದಾನೆ. ಮಗಳಿಗೆ ಅದರ ಗೊಡವೆಯೇ ಇಲ್ಲ. ಅವನಿಗೊಬ್ಬನಿಗೇ ಮಂಚ ತರುವುದೋ, ಇಬ್ಬರಿಗೂ ಒಟ್ಟಿಗೆ ಬದಲಿಸುವುದೋ?

ಉತ್ತರ: ಕ್ರಿಬ್‌ನ ತಳ ಅತಿ ಕೆಳಗಿನ ಹಂತದಲ್ಲಿದೆಯೇ ಎಂದು ಮೊದಲು ನೋಡಿ. ಒಳಗಿರುವ ದಿಂಬು, ದೊಡ್ಡ ಬೊಂಬೆಗಳನ್ನು ತೆಗೆದುಬಿಡಿ; ಹತ್ತುವವನಿಗೆ ಅವೇ ಮೆಟ್ಟಿಲು. ಇಷ್ಟಾದರೂ ಹತ್ತುತ್ತಾನೆಂದರೆ, ನಿಂತಾಗ ಮೇಲಿನ ಕಂಬಿ ಅವನ ಎದೆಮಟ್ಟಕ್ಕಿಂತ ಕೆಳಗಿದ್ದರೆ, ಅಥವಾ ಎತ್ತರ 35 ಅಂಗುಲ (89 ಸೆಂ.ಮೀ.) ತಲುಪಿದ್ದರೆ ಕ್ರಿಬ್ ಬಿಡಿಸುವ ಹೊತ್ತು ಬಂದಿದೆ. ಕೆಳಗೆ ಮೆತ್ತನೆಯ ಚಾಪೆ ಹಾಸಿ ಇನ್ನಾರು ತಿಂಗಳು ತಳ್ಳೋಣ ಎನ್ನಬೇಡಿ. ಆ ಎತ್ತರದಿಂದ ತಲೆ ಕೆಳಗಾಗಿ ಬೀಳುವುದೇ ಹೆಚ್ಚು.

ಅವಳಿ ಎಂಬ ಕಾರಣಕ್ಕೆ ಇಬ್ಬರನ್ನೂ ಒಂದೇ ದಿನ ಬದಲಿಸಬೇಕಿಲ್ಲ. ಮಗಳು ನೆಮ್ಮದಿಯಾಗಿ ಮಲಗುತ್ತಿದ್ದರೆ ಅವಳು ಕ್ರಿಬ್‌ನಲ್ಲೇ ಇರಲಿ. ಆದರೆ ಹೊರಗಿರುವವನು ಅವಳಿಗೆ ಆಟಿಕೆ, ದಿಂಬು ದಾಟಿಸುತ್ತಾನೆಯೇ, ಹೊರಗಿನಿಂದ ಅವಳ ಕ್ರಿಬ್ ಹತ್ತಲು ನೋಡುತ್ತಾನೆಯೇ ಎಂದು ಗಮನಿಸಿ. ಇವುಗಳಲ್ಲಿ ಒಂದು ಕಂಡರೂ ಅವಳನ್ನೂ ಇಳಿಸಿಬಿಡಿ.

ಒಬ್ಬನನ್ನು ಇಳಿಸಿದ ರಾತ್ರಿಯಿಂದಲೇ ಇಡೀ ಕೋಣೆಯನ್ನು ಕ್ರಿಬ್ ಎಂದು ಭಾವಿಸಿ ಸಿದ್ಧಪಡಿಸಿ. ಒಂದೇ ಮಗುವಿದ್ದಾಗ ನಡೆಯದ್ದು ಇಬ್ಬರಿದ್ದಾಗ ನಡೆಯುತ್ತದೆ: ಒಂದು ಮಗು ಕೆಳಗಿನ ಡ್ರಾಯರ್ ಎಳೆಯುತ್ತದೆ, ಇನ್ನೊಂದು ಅದರ ಮೇಲೆ ಹತ್ತುತ್ತದೆ, ಕಪಾಟು ಮುಂದಕ್ಕೆ ಮಗುಚುತ್ತದೆ. ಕಪಾಟು, ಪುಸ್ತಕದ ಶೆಲ್ಫ್ ಎಲ್ಲವನ್ನೂ ಗೋಡೆಗೆ ಕ್ಲಾಂಪ್ ಹಾಕಿ ಸ್ಕ್ರೂ ಬಿಗಿಯಿರಿ. ಪರದೆಯ ಹಗ್ಗ, ಚಾರ್ಜರ್ ವೈರು ಕೈಗೆ ಸಿಗಬಾರದು. ಕಿಟಕಿಯ ಕೆಳಗೆ ಮಂಚ ಬೇಡ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವ ಬದಲು ಅಡ್ಡಗೇಟು ಹಾಕಿ. ಬೆಂಕಿ, ಹೊಗೆಯ ಸಂದರ್ಭದಲ್ಲಿ ಚಿಲಕ ಪ್ರಾಣಕ್ಕೆ ಕುತ್ತು.

ಕ್ರಿಬ್ ಹಾಸಿಗೆಯನ್ನೇ ಹಾಕುವ ಪುಟ್ಟ ಮಂಚಗಳು ಮುದ್ದಾಗಿರುತ್ತವೆ, ಆದರೆ ಸಾಮಾನ್ಯವಾಗಿ ಸುಮಾರು 22 ಕೆ.ಜಿ. ತೂಕದವರೆಗೆ ಮಾತ್ರ. ಕೆಲವೇ ವರ್ಷಗಳಲ್ಲಿ ಮತ್ತೆ ಎರಡು ಮಂಚ ಕೊಳ್ಳಬೇಕಾಗುತ್ತದೆ. ನೇರವಾಗಿ ತಗ್ಗಿನ ಸಿಂಗಲ್ ಮಂಚಕ್ಕೆ ಹೋಗುವುದೇ ಲೇಸು. ಮೊದಲ ಒಂದೆರಡು ತಿಂಗಳು ಬರೀ ಹಾಸಿಗೆಯನ್ನು ನೆಲಕ್ಕೆ ಹಾಕಿದರೂ ನಡೆಯುತ್ತದೆ. ಹಾಗೆ ಹಾಕಿದರೆ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿ, ಇಲ್ಲವಾದರೆ ಅಡಿಭಾಗದಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತದೆ. ಹಾಸಿಗೆಯ ಅಡಿಗೆ ತೂರಿಸುವ ಬಿಡಿ ತಡೆಕಂಬಿಗಳ ಬಗ್ಗೆ ನನಗೆ ಒಲವಿಲ್ಲ. ಎರಡು ವರ್ಷದೊಳಗಿನವರಿಗೆ ಅವನ್ನು ಬಳಸಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ಕಂಬಿ ಸಡಿಲಾಗಿ ಹಾಸಿಗೆಯಿಂದ ದೂರ ಸರಿದರೆ, ಆ ಸಂದಿನಲ್ಲಿ ಮಗು ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ಐದು ವರ್ಷದ ಅವಳಿ ಗಂಡುಮಕ್ಕಳು. ಕೋಣೆ 10×10 ಅಡಿ. ಜಾಗ ಉಳಿಸಲು ಬಂಕ್ ಬೆಡ್ (ಒಂದರ ಮೇಲೊಂದು ಇರುವ ಮಂಚ) ಕೊಳ್ಳಬಹುದೇ? ಎರಡು ಮಂಚ ಇಟ್ಟರೆ ಓಡಾಡಲು ಜಾಗ ಸಿಗುತ್ತದೆಯೇ?

ಉತ್ತರ: ಈಗ ಬೇಡ. ಆರು ವರ್ಷ ತುಂಬದ ಮಗು ಮೇಲಿನ ಮಂಚದಲ್ಲಿ ಮಲಗಬಾರದು. ಅವಳಿಗಳಲ್ಲಿ ಮೇಲೆ ಹೋಗಲು ದೊಡ್ಡವರೆಂದು ಯಾರೂ ಇಲ್ಲ. ಕೆಳಗೆ ಮಲಗುವವನೂ ಹಗಲೆಲ್ಲ ಮೇಲೆಯೇ ಇರುತ್ತಾನೆ. ಎರಡಾಗಿ ಬಿಚ್ಚಿ ಸಿಂಗಲ್ ಮಂಚಗಳಾಗಿ ಬಳಸಬಹುದಾದ ಬಂಕ್ ಕೊಂಡು, ಸದ್ಯಕ್ಕೆ ಬೇರೆ ಬೇರೆ ಇಡಿ. ಆಮೇಲೆ ಜೋಡಿಸಿದರಾಯಿತು. ಇದಕ್ಕೆ ಗಟ್ಟಿ ಮರ ಅಥವಾ ಕಬ್ಬಿಣದ ಚೌಕಟ್ಟೇ ಬೇಕು. ಪಾರ್ಟಿಕಲ್ ಬೋರ್ಡಿಗೆ (ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗೆ) ನೇರವಾಗಿ ಹಾಕಿದ ಸ್ಕ್ರೂ ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಮೊದಲಿನ ಹಿಡಿತ ಕೊಡುವುದಿಲ್ಲ.

ಜಾಗದ ಲೆಕ್ಕದಲ್ಲಿ ಬಹಳ ಮಂದಿ ಎಡವುವುದು ಹಾಸಿಗೆಯ ಅಳತೆ ಹಿಡಿದು ಕೂರುವುದರಿಂದ. 36×75 ಅಂಗುಲದ ಹಾಸಿಗೆ ಹಿಡಿಯುವ ಚೌಕಟ್ಟು ಹೊರಗಿನಿಂದ ಸುಮಾರು 40×79 ಅಂಗುಲ ಆಗುತ್ತದೆ. ನಿಮ್ಮ ಗೋಡೆ 120 ಅಂಗುಲ. ಎಲ್ ಆಕಾರದಲ್ಲಿ ಇಟ್ಟರೆ 79ಕ್ಕೆ 40 ಕೂಡಿ 119 ಅಂಗುಲ. ಕಾಗದದ ಮೇಲೆ ಹಿಡಿಸುತ್ತದೆ, ಗೋಡೆಯಡಿಯ ಸ್ಕರ್ಟಿಂಗ್ ಸೇರಿಸಿದರೆ ಹಿಡಿಸುವುದಿಲ್ಲ. ತಲೆದೆಸೆಯಲ್ಲಿ ಶೆಲ್ಫ್ ಇರುವ ಮಂಚವಾದರೆ ಕೇಳುವುದೇ ಬೇಡ. 72 ಅಂಗುಲದ ಹಾಸಿಗೆಯಾದರೆ ಮೂರು ನಾಲ್ಕು ಅಂಗುಲ ಬಿಡುವು ಸಿಗುತ್ತದೆ. ಎದುರುಬದುರು ಗೋಡೆಗಳಿಗೆ ಒಂದೊಂದು ಮಂಚ ಇಟ್ಟರೆ ನಡುವೆ 40 ಅಂಗುಲ ಉಳಿಯುತ್ತದೆ; ಇಬ್ಬರು ಕೂತು ಆಡಲು ಅಷ್ಟು ಸಾಕು. ಮಂಚದಡಿ ಡ್ರಾಯರ್ ಬೇಕೆಂದಿದ್ದರೆ ಅದು ಪೂರ್ತಿ ಹೊರಬಂದ ಮೇಲೆ ನಿಲ್ಲಲು ಜಾಗ ಉಳಿಯುತ್ತದೆಯೇ ನೋಡಿ. ಕೊಳ್ಳುವ ಮುಂಚೆ ನೆಲದ ಮೇಲೆ ಅಂಟುಪಟ್ಟಿಯಿಂದ ಎರಡೂ ಮಂಚದ ಹೊರಗೆರೆ ಎಳೆದು, ಬಾಗಿಲನ್ನೂ ಕಪಾಟನ್ನೂ ಪೂರ್ತಿ ತೆಗೆದು ನೋಡಿ. ಗೋಡೆಗೆ ತಾಗಿಸುವ ಮಂಚ ಪೂರ್ತಿ ತಾಗಿರಲಿ, ಇಲ್ಲವೇ ಮಗು ಸಲೀಸಾಗಿ ಎದ್ದು ಬರುವಷ್ಟು ದೂರವಿರಲಿ. ನಡುವಿನ ಸಣ್ಣ ಸಂದೇ ಅಪಾಯ.

ಒಂದರ ಅಡಿಯಿಂದ ಇನ್ನೊಂದು ಎಳೆಯುವ ಮಂಚದಿಂದ ಹಗಲಿಗೆ ಜಾಗ ಸಿಗುತ್ತದೆ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲೇ ಹಾಸಿಗೆ ಇರುತ್ತದೆ. ನೆಂಟರ ಮಕ್ಕಳಿಗೆ ಸರಿ, ದಿನಾ ಮಲಗುವವರಿಗೆ ಅಲ್ಲ.

ಮುಂದೆ ಬಂಕ್ ಜೋಡಿಸುವಾಗ ಮೇಲಿನ ಮಂಚಕ್ಕೆ ಗೋಡೆಯ ಕಡೆಗೂ ಸೇರಿ ಎರಡೂ ಬದಿ ತಡೆಕಂಬಿ ಇರಬೇಕು. ಅಮೆರಿಕದ ನಿಯಮದ ಪ್ರಕಾರ ತಡೆಕಂಬಿ ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಅಂಗುಲ ಎತ್ತರವಿರಬೇಕು, ಸಂದುಗಳು 3.5 ಅಂಗುಲ ಮೀರಬಾರದು. 5 ಅಂಗುಲ ದಪ್ಪದ ಹಾಸಿಗೆಗೆಂದು ಮಾಡಿದ ಮಂಚಕ್ಕೆ ಮೆತ್ತಗಿರಲೆಂದು 8 ಅಂಗುಲದ್ದು ಹಾಕಿದರೆ, ತಡೆಕಂಬಿಯಲ್ಲಿ 3 ಅಂಗುಲ ಕಳೆದಂತೆ. ಮಗು ಮೇಲೆ ನೆಟ್ಟಗೆ ಕೂತಾಗ ಸೂರು ತಲೆಗೆ ತಾಗಬಾರದು. ಚಾವಣಿಯ ಫ್ಯಾನ್ ಇದ್ದರೆ ಕೈ ಚಾಚಿದರೂ ಅದಕ್ಕೆ ಎಟಕಬಾರದು. ಸಣ್ಣ ಕೋಣೆಯಲ್ಲಿ ಬಂಕ್ ಯೋಜನೆ ಕೆಡುವುದು ಎಷ್ಟೋ ಸಲ ಇಲ್ಲೇ. ನಿದ್ದೆಯಲ್ಲಿ ನಡೆಯುವ, ಫಿಟ್ಸ್ ಬರುವ ಮಗುವನ್ನು ಯಾವ ವಯಸ್ಸಿನಲ್ಲೂ ಮೇಲೆ ಮಲಗಿಸಬೇಡಿ. ಮೇಲಿನ ಜಾಗಕ್ಕೆ ಜಗಳವಾದರೆ ತಿಂಗಳಿಗೊಮ್ಮೆ ಬದಲಿಸಿ. ದಿನದಿನದ ಪಾಳಿ ಇಟ್ಟರೆ ದಿನದಿನವೂ ಪಂಚಾಯಿತಿ.

ಇಬ್ಬರೂ ಒಂದೇ ಮಂಚದ ಮೇಲೆ ಕುಣಿಯುವುದಂತೂ ತಪ್ಪಿದ್ದಲ್ಲ. ಹಾಗಾಗಿ ಅಡ್ಡಪಟ್ಟಿಗಳ ಕೆಳಗೆ ನಡುಮಧ್ಯದಲ್ಲಿ ಒಂದು ಕಾಲಿರುವ ಮಂಚ ಆರಿಸಿ. ಫೋಮ್ ಹಾಸಿಗೆಯಾದರೆ ಪಟ್ಟಿಗಳ ನಡುವೆ 7 ಸೆಂ.ಮೀ.ಗಿಂತ ಹೆಚ್ಚು ಸಂದು ಬೇಡ, ಫೋಮ್ ಅಲ್ಲಿ ಕುಸಿಯುತ್ತದೆ. ಎರಡು ವಾರದ ನಂತರ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಬೋಲ್ಟ್ ಬಿಗಿಮಾಡಿ. ಕಿರುಗುಟ್ಟುವ ಸದ್ದು ಬಂದರೆ ಅವಧಿ ಕಾಯಬೇಡಿ.

ಪ್ರಶ್ನೆ: ಮೂರೂವರೆ ವರ್ಷದ ಅವಳಿಗಳಲ್ಲಿ ಒಬ್ಬಳು ಎದ್ದರೆ ಇನ್ನೊಬ್ಬಳೂ ಏಳುತ್ತಾಳೆ. ಮಂಚ ಎಲ್ಲಿಟ್ಟರೆ ಸರಿ?

ಉತ್ತರ: ತಲೆಗಳನ್ನು ದೂರ ಮಾಡಿ. ಎದುರುಬದುರು ಮಂಚಗಳಾದರೆ ಒಬ್ಬಳ ತಲೆದೆಸೆಗೆ ಇನ್ನೊಬ್ಬಳ ಕಾಲ್ದೆಸೆ ಬರಲಿ. ಎಲ್ ಆಕಾರವಾದರೆ ಮೂಲೆಯಲ್ಲಿ ಕಾಲುಗಳು ಸೇರಲಿ. ತಲೆಗಳು ಸೇರಿದರೆ ಮಾತು ನಡುರಾತ್ರಿಯವರೆಗೂ ಮುಗಿಯುವುದಿಲ್ಲ. ನಿದ್ದೆ ಹಗುರಾದವಳು ಬಾಗಿಲಿನಿಂದ ದೂರ, ರಾತ್ರಿ ಬಚ್ಚಲಿಗೆ ಏಳುವವಳು ಬಾಗಿಲ ಬಳಿ. ಬೇಗ ನಿದ್ದೆ ಹೋಗುವವಳನ್ನು ಇಪ್ಪತ್ತು ಮೂವತ್ತು ನಿಮಿಷ ಮುಂಚೆ ಮಲಗಿಸಿ. ಬೇರೆ ಸದ್ದು ಕೇಳದಂತೆ ಒಂದೇ ಸಮನೆ ಮೆಲುಸದ್ದು ಮಾಡುವ ಯಂತ್ರ (ವೈಟ್ ನಾಯ್ಸ್) ಇಡುವುದಾದರೆ ಇಬ್ಬರಿಂದಲೂ ಎರಡು ಮೀಟರ್ ದೂರದಲ್ಲಿ, ಸಣ್ಣ ಸದ್ದಿನಲ್ಲಿ ಇಡಿ. ಈ ವಯಸ್ಸಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲು ತೀರಾ ಹೆಚ್ಚು ಮಲಗಿದವಳೇ ರಾತ್ರಿ ಎದ್ದು ಇನ್ನೊಬ್ಬಳನ್ನು ಎಬ್ಬಿಸುತ್ತಿರಬಹುದು.

ಪ್ರಶ್ನೆ: ನಾಲ್ಕು ತಿಂಗಳ ಅವಳಿಗಳನ್ನು ಒಂದೇ ಕ್ರಿಬ್‌ನಲ್ಲಿ ನಡುವೆ ಹಲಗೆ ಇಟ್ಟು ಮಲಗಿಸಬಹುದೇ?

ಉತ್ತರ: ಬೇಡ. ಹಲಗೆ ಇಟ್ಟರೂ ಬೇಡ, ಅದರ ಸಂದಿನಲ್ಲೇ ಕೈಕಾಲು, ಮುಖ ಸಿಕ್ಕುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕ್ರಿಬ್, ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ ಮಲಗಿಸುವುದು. ದಿಂಬು, ಕಂಬಳಿ, ಬೊಂಬೆ ಏನೂ ಒಳಗಿರಬಾರದು. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು, ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಸಂದು ಬೇಡ. ಮೊದಲ ಆರು ತಿಂಗಳಾದರೂ ಎರಡೂ ಕ್ರಿಬ್ ನಿಮ್ಮ ಕೋಣೆಯಲ್ಲೇ ಇರಲಿ. ಪಕ್ಕದ ಕಂಬಿ ಕೆಳಗೆ ಜಾರುವ ಹಳೇ ಕ್ರಿಬ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ; ಅಮೆರಿಕದಲ್ಲಿ 2011ರಿಂದ ಅಂಥವುಗಳ ಮಾರಾಟಕ್ಕೇ ನಿಷೇಧವಿದೆ.

ಪ್ರಶ್ನೆ: ನಾಲ್ಕು ವರ್ಷದ ಇಬ್ಬರಲ್ಲಿ ಒಬ್ಬ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾನೆ. ಅವನೊಬ್ಬನ ಹಾಸಿಗೆಗೆ ಮಾತ್ರ ಪ್ಲಾಸ್ಟಿಕ್ ಹಾಕಿದರೆ ಅವನಿಗೆ ನಾಚಿಕೆಯಾಗುತ್ತದೆ.

ಉತ್ತರ: ಎರಡೂ ಹಾಸಿಗೆಗೆ ಹಾಕಿ. ಬರೀ ಪ್ಲಾಸ್ಟಿಕ್ ಬೆವರಿಸುತ್ತದೆ, ಕರಕರ ಸದ್ದು ಮಾಡುತ್ತದೆ. ಮೇಲೆ ಬಟ್ಟೆಯಿರುವ, ನೀರು ಇಳಿಯದ ಕವರ್ ತನ್ನಿ. ಮೊದಲು ಕವರ್, ಅದರ ಮೇಲೆ ಬೆಡ್‌ಶೀಟ್, ಮತ್ತೆ ಕವರ್, ಮತ್ತೆ ಬೆಡ್‌ಶೀಟ್ ಹೀಗೆ ಎರಡು ಜೊತೆ ಹಾಸಿಡಿ. ರಾತ್ರಿ ಒದ್ದೆಯಾದರೆ ಮೇಲಿನ ಜೊತೆ ಎಳೆದುಹಾಕಿದರೆ ಸಾಕು. ದೊಡ್ಡ ದೀಪ ಹಾಕಬೇಕಿಲ್ಲ, ಇನ್ನೊಬ್ಬ ಏಳುವುದಿಲ್ಲ.