ಮೂರು ಮೀಟರ್ ಸ್ಟಾಲ್‌ನ ಗೋಡೆಗೆ ಏನು ಹಾಕಿಸಬೇಕು?

ಮನೆಬಳಕೆಯ ಎಣ್ಣೆ ಗಾಣ ಮಾಡುತ್ತೀರಿ, ಮೊದಲ ಸಲ ಮೇಳದಲ್ಲಿ 3 ಮೀಟರ್‌ಗೆ 3 ಮೀಟರ್ ಸ್ಟಾಲ್ ಹಿಡಿದಿದ್ದೀರಿ, ಗೋಡೆಗೆ ಏನು ಹಾಕಿಸೋದು ಅಂತ ಕೇಳಿದ್ದೀರಿ. ನಾನು ಡಿಸೈನರ್ ಅಲ್ಲ. ಅಡಿಕೆ ಸುಲಿಯುವ ಯಂತ್ರ ಮಾಡುವ ಸಣ್ಣ ವರ್ಕ್‌ಶಾಪಿನವನು. ಬೆಂಗಳೂರಿನ ಜಿಕೆವಿಕೆ ಕೃಷಿಮೇಳದಲ್ಲಿ ಸ್ಟಾಲ್ ಹಾಕಿ, ದುಡ್ಡು ಕಳೆದು ಕಲಿತದ್ದನ್ನು ಹೇಳುತ್ತೇನೆ.

ಮೊದಲ ವರ್ಷ ಹಿಂದಿನ ಗೋಡೆಯನ್ನು ಕರಪತ್ರದ ಹಾಗೆ ತುಂಬಿಸಿದ್ದೆವು. ಮೇಲ್ಗಡೆ ಕಂಪನಿ ಹೆಸರು, ದೇವರ ಫೋಟೊ, 'ತಮಗೆಲ್ಲ ಸುಸ್ವಾಗತ'. ಕೆಳಗೆ ಯಂತ್ರದ ಚಿತ್ರ, ಎಷ್ಟು ಎಚ್‌ಪಿ, ಗಂಟೆಗೆ ಎಷ್ಟು ಕೆಜಿ, ಫೋನ್ ನಂಬರ್. ಕಂಪ್ಯೂಟರ್‌ನಲ್ಲಿ ಭಾರಿ ಚೆನ್ನಾಗಿ ಕಾಣುತ್ತಿತ್ತು. ಮೇಳದ ಬೆಳಿಗ್ಗೆ ಮುಂದೆ ಟೇಬಲ್ ಹಾಕಿದೆವು, ಪಕ್ಕಕ್ಕೆ ಯಂತ್ರ, ಹಿಂದೆ ನಮ್ಮ ಚಿಕ್ಕಪ್ಪ ನಿಂತರು. ಅಲ್ಲಿಗೆ ಮುಗಿಯಿತು. ದಾರಿಯಲ್ಲಿ ಹೋಗುವವರಿಗೆ ಕಂಡದ್ದು ದೇವರು ಮತ್ತು ಸುಸ್ವಾಗತ. ಒಬ್ಬ ರೈತರು ಬಂದು, 'ಇದು ಯಾವ ಫೈನಾನ್ಸು?' ಅಂತ ಕೇಳಿದರು.

ಆಯೋಜಕರು ಕಟ್ಟಿಕೊಡುವ ಸಿದ್ಧ ಸ್ಟಾಲ್‌ನ ಗೋಡೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಎತ್ತರ. ಟೇಬಲ್ಲೇ 75 ಸೆಂಟಿಮೀಟರ್ ನುಂಗುತ್ತದೆ. ಅದರ ಮೇಲೆ ಜನರ ಮೈ, ತಲೆ. ಗಿರಾಕಿ ಜಾಸ್ತಿಯಾದಷ್ಟೂ ಗೋಡೆ ಮರೆಯಾಗುತ್ತದೆ, ಅಲ್ವಾ? ನಿಮಗೆ ನಿಜವಾಗಿ ಉಳಿಯುವುದು ಮೇಲಿನ ಸುಮಾರು 80 ಸೆಂಟಿಮೀಟರ್. ಅಲ್ಲಿ ಕಂಪನಿ ಹೆಸರು ಬೇಡ, ಅದು ಹೇಗೂ ಸ್ಟಾಲ್‌ನ ಮುಂದೆ ಮೇಲ್ಗಡೆ ಇರುವ ಹೆಸರಿನ ಪಟ್ಟಿಯಲ್ಲಿರುತ್ತದೆ. 'ಮನೆಯಲ್ಲೇ ಕಡಲೆಕಾಯಿ ಎಣ್ಣೆ ತೆಗೆಯಿರಿ' ಅಂತ ಒಂದೇ ಸಾಲು ದೊಡ್ಡದಾಗಿ ಬರೆಸಿ. ಪಕ್ಕದಲ್ಲಿ ಗಾಣದ ಮೂತಿಯಿಂದ ಸ್ಟೀಲ್ ಪಾತ್ರೆಗೆ ಎಣ್ಣೆ ಇಳಿಯುತ್ತಿರುವ ಫೋಟೊ. ಯಂತ್ರದ ಫೋಟೊ ಯಾಕೆ? ಯಂತ್ರವೇ ಎದುರಿಗಿದೆಯಲ್ಲ! ಎಚ್‌ಪಿ ಲೆಕ್ಕವೆಲ್ಲ ಕೈಗೆ ಕೊಡುವ ಕಾಗದಕ್ಕಿರಲಿ.

ಇನ್ನೊಂದು ವಿಷಯ. ಈ ಗೋಡೆ ಒಂದೇ ಹಲಗೆಯಲ್ಲ. ಸುಮಾರು ಒಂದೊಂದು ಮೀಟರ್‌ನ ಮೂರು ಹಲಗೆ, ನಡುವೆ ಅಲ್ಯೂಮಿನಿಯಂ ಕಂಬ. ಮೂರಕ್ಕೂ ಹರಡುವ ಚಿತ್ರ ಹಾಕಿದರೆ ಕಂಬ ಯಾರದೋ ಮುಖದ ಮೇಲೆ ಹಾದುಹೋಗುತ್ತದೆ. ಕಂಬ ಬಿಟ್ಟು ಕಾಣುವ ಅಳತೆ ಎಷ್ಟು ಅಂತ ಆಯೋಜಕರಿಂದ ಬರೆಸಿಕೊಳ್ಳಿ, ಅಂದಾಜು ಮಾಡಬೇಡಿ.

ಕನ್ನಡ ಅಕ್ಷರದ ಬಗ್ಗೆ ಎಚ್ಚರ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು, ಆ ಫಾಂಟ್ ಇಲ್ಲದ ಪ್ರಿಂಟರ್‌ನವರು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯುನಿಕೋಡ್ ಆದರೂ ಕೆಲವು ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಅಕ್ಷರಗಳನ್ನು 'ಕರ್ವ್ಸ್' ಮಾಡಿಸಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿ ಬದಲಿಸಿ, ಪಿಡಿಎಫ್ ತಗೊಳ್ಳಿ, ಕನ್ನಡ ಓದುವ ಒಬ್ಬರಿಂದ ಓದಿಸಿ. ಸಾಲುಗಳ ನಡುವೆ ಜಾಗವೂ ಇಂಗ್ಲಿಷ್‌ಗಿಂತ ಜಾಸ್ತಿ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫೋಟೊ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ನೆ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ. ಒಂದು ಮೀಟರ್ ಅಗಲಕ್ಕೆ 4000 ಪಿಕ್ಸೆಲ್ ಇದ್ದರೆ ಧಾರಾಳ. ಲ್ಯಾಮಿನೇಶನ್ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಇರಲಿ. ಗ್ಲಾಸಿ ಹಾಕಿಸಿದರೆ ಸ್ಪಾಟ್‌ಲೈಟ್ ಬಿದ್ದ ಕಡೆ ಬರೀ ಬಿಳಿ ಮಚ್ಚೆ.

ಪ್ರಿಂಟ್‌ಗೆ ಕೊಡುವ ಮೊದಲು ಹತ್ತರಲ್ಲಿ ಒಂದು ಅಳತೆಗೆ ಇಳಿಸಿ ಎ4 ಹಾಳೆಯಲ್ಲಿ ತೆಗೆಯಿರಿ. ಒಂದು ಹಲಗೆ 10 ಸೆಂಟಿಮೀಟರ್‌ಗೆ 25 ಆಗುತ್ತದೆ, ಒಂದು ಹಾಳೆಗೆ ಎರಡು ಹಿಡಿಸುತ್ತದೆ. ಕೆಳಗಿನಿಂದ ಏಳೂವರೆ ಸೆಂಟಿಮೀಟರ್‌ವರೆಗೆ ಪೆನ್ಸಿಲ್‌ನಲ್ಲಿ ಟೇಬಲ್ ಬರೆಯಿರಿ, ಅದರ ಹಿಂದೆ ಹದಿನೇಳು ಸೆಂಟಿಮೀಟರ್‌ನ ಇಬ್ಬರನ್ನು ನಿಲ್ಲಿಸಿ. ಹಾಳೆಯನ್ನು ಕಣ್ಣಿನಿಂದ ಅರ್ಧ ಮೀಟರ್ ದೂರ ಹಿಡಿದರೆ, ಐದು ಮೀಟರ್ ಆಚೆ ನಡೆಯುವವರಿಗೆ ಕಾಣುವಷ್ಟೇ ನಿಮಗೂ ಕಾಣುತ್ತದೆ. ನಮ್ಮ ಎರಡನೇ ವರ್ಷದ ಡಿಸೈನ್ ಹೀಗೇ ನೋಡಿದಾಗ ಫೋನ್ ನಂಬರ್ ಮತ್ತೆ ಚಿಕ್ಕಪ್ಪನ ಹೊಟ್ಟೆಯ ಹಿಂದೆಯೇ ಇತ್ತು.